ನಾಲ್ಕು ಅಕ್ಷರಗಳ ಸೇಡು

ಅಕ್ಟೋಬರ್ 4, ಸೋಮವಾರ

ವಸಂತದಿಂದೀಚೆಗೆ ನನ್ನ ಫೋನು ಕೆಲಸದ ಕರೆಗಳಿಲ್ಲದೆ ಯಾಕೆ ಸತ್ತುಬಿದ್ದಿದೆ ಎಂದು ಇವತ್ತು ಗೊತ್ತಾಯಿತು.

ಬೆಳಿಗ್ಗೆ ಬ್ರಸೆಲ್ಸ್‌ನಿಂದ ಮದಾಮ್ ಕೋಪೆನ್ಸ್ ಕರೆ ಮಾಡಿದರು. ದೆವ್ವದ ಸಿನಿಮಾಗಳನ್ನು ಕೊಂಡು ಚಿತ್ರಮಂದಿರಗಳಿಗೆ ಹಂಚುವುದು ಅವರ ಕಸುಬು. ಒಂದು ಕಾಲದಲ್ಲಿ ಅವರ ಪ್ರತಿ ಟ್ರೇಲರಿನ ಟೈಟಲ್ಲೂ ನನ್ನ ಕೈ ದಾಟಿಯೇ ಹೋಗುತ್ತಿತ್ತು. ಹೊಸ ಚಿತ್ರವೊಂದಿದೆ, ಹೆಸರು 'ಕ್ವೆಲ್', ಅಕ್ಷರವೂ ಬಣ್ಣವೂ ಬೇಕು ಎಂದರು. ಖುಷಿಗೆ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ.

"ಇನ್ನೊಬ್ಬರಿಗೂ ಕೊಟ್ಟಿದ್ದೀನಿ ಗ್ರೀಟ್. ಎರಡೂ ನೋಡಿ ಒಂದನ್ನ ಆರಿಸ್ತೀನಿ. ಬೇಜಾರಿಲ್ಲ ತಾನೆ? ನಿಮ್ಮ ಕಣ್ಣಿನ ವಿಷಯ ಇದೆಯಲ್ಲ, ಅದಕ್ಕೆ" ಎಂದರು.

"ಕಣ್ಣಿನ ವಿಷಯ ಏನು?"

"ಅಯ್ಯೋ, ಲಾಂಡರ್ ಹೇಳಿದ್ನಲ್ಲ. ಕೆಂಪು ಯಾವುದು ಗುಲಾಬಿ ಯಾವುದು ಅಂತ ನಿಮಗೆ ಗೊತ್ತಾಗ್ತಿಲ್ಲ ಅಂತ. ಆಪರೇಷನ್ ಆಯ್ತಂತೆ? ಈಗ ಪರವಾಗಿಲ್ವಾ?"

ಆ ಇನ್ನೊಬ್ಬರು ಯಾರೆಂದು ಕೇಳಬೇಕಾಗಲಿಲ್ಲ.

ಲಾಂಡರ್. ನನ್ನ ತಂಗಿ ಲೀಸ್‌ಳ ಗಂಡ. ಹನ್ನೊಂದು ವರ್ಷ ಆಂಟ್ವರ್ಪ್ ಬಂದರಿನ ಪಕ್ಕದ ಇದೇ ಕೋಣೆಯಲ್ಲಿ, ಇದೇ ಮೇಜಿನ ಆಚೆ ಬದಿ ಕೂತಿದ್ದವನು. ಅಕ್ಷರ ನಾನು ಬರೆಯುತ್ತಿದ್ದೆ, ಅವು ತೆರೆಯ ಮೇಲೆ ಚಲಿಸುವಂತೆ ಅವನು ಮಾಡುತ್ತಿದ್ದ. ಹೋದ ಚಳಿಗಾಲದಲ್ಲಿ "ಸ್ವಂತದ್ದು ಏನಾದ್ರೂ ಮಾಡ್ಬೇಕು ಅನ್ನಿಸ್ತಿದೆ" ಎಂದು ಎದ್ದು ಹೋದ. ನಾನು ಹೂಗುಚ್ಛ ಕೊಟ್ಟು ಕಳಿಸಿದೆ. ಹೂಗುಚ್ಛ! ಅವನು ಹೊರಗೆ ಹೋಗಿ, ಆಕೆಗೆ ಬಣ್ಣ ಕಾಣುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಾನೆ.

ನನಗಿದ್ದದ್ದು ಕಣ್ಣಿನ ಪೊರೆ. ಮಂಜು ಕವಿದ ಹಾಗೆ ಆಗುತ್ತಿತ್ತು, ಅಷ್ಟೇ. ಎಡಗಣ್ಣಿನದು ಆಗಸ್ಟಿನಲ್ಲಿ ತೆಗೆದಾಯಿತು. ಬಣ್ಣ ಮಾತ್ರ ನನಗೆ ಯಾವತ್ತೂ ಮೋಸ ಮಾಡಿಲ್ಲ.

ಅವನನ್ನು ಸುಮ್ಮನೆ ಸೋಲಿಸಿದರೆ ಸಾಲದು. ನಗೆಪಾಟಲು ಮಾಡಬೇಕು.

ಅಕ್ಟೋಬರ್ 6

ಚಿತ್ರ ನೋಡಿದೆ. ಚೆನ್ನಾಗಿದೆ, ಹಾಳಾದ್ದು.

ನದಿಯ ಏರಿಯ ಹಿಂದಿನ ತಗ್ಗಿನಲ್ಲಿ ಒಂದು ಮನೆ. ಹೊಸದಾಗಿ ಬಂದ ಹೆಂಡತಿ. ಅಡುಗೆಮನೆಯ ನೆಲದ ಹಂಚುಗಳ ಸಂದಿಯಿಂದ ನೀರು ಜಿನುಗುತ್ತದೆ. ಒರೆಸುತ್ತಾಳೆ, ಮತ್ತೆ ಜಿನುಗುತ್ತದೆ. ಗಂಡ, "ಕ್ವೆಲ್ ಕಣೆ, ಏರಿ ಕೆಳಗಿಂದ ಬರೋ ನೀರು, ಎಲ್ಲರ ಮನೇಲೂ ಇರತ್ತೆ" ಎನ್ನುತ್ತಾನೆ. ಏರಿಯೊಳಗೆ ಯಾರನ್ನು ಹೂತಿದ್ದಾರೆ ಎಂಬುದು ನಮಗೆ ನಿಧಾನವಾಗಿ ತಿಳಿಯುತ್ತದೆ. ನಮ್ಮ ಡಚ್ ಭಾಷೆಯಲ್ಲಿ ಅದೇ ಪದಕ್ಕೆ ಹಿಂಸೆ ಎಂಬ ನೆರಳೂ ಇದೆ. ನಮ್ಮ ಲಿಪಿಯಲ್ಲಿ KWEL, ನಾಲ್ಕೇ ಅಕ್ಷರ. ಇಂಥ ಹೆಸರು ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ.

ಸದ್ದಿಲ್ಲದ ಚಿತ್ರ. ಇದಕ್ಕೆ ಕೆಂಪು ಹಚ್ಚಿದವನು ಸತ್ತ. ಕೆಂಪು ನೋಡಿದರೆ ಪ್ರೇಕ್ಷಕ ಮೊದಲೇ ಬೆನ್ನು ಗಟ್ಟಿಮಾಡಿಕೊಂಡು ಕೂರುತ್ತಾನೆ. ಇಲ್ಲಿ ಅವನು ಮೈಮರೆತು ಕೂತಿರಬೇಕು, ನೀರು ಕುರ್ಚಿಯ ಕೆಳಗಿನಿಂದ ಬರಬೇಕು.

ಕೆಂಪು ಹಚ್ಚಿದವನು ಸತ್ತ. ಈ ಸಾಲನ್ನು ಎರಡು ಸಲ ಓದಿಕೊಂಡೆ.

ಅಕ್ಟೋಬರ್ 10, ಭಾನುವಾರ

ಲೀಸ್ ಮನೆಯಲ್ಲಿ ಊಟ. ಬಿಯರಿನಲ್ಲಿ ಬೇಯಿಸಿದ ದನದ ಮಾಂಸ, ಕರಿದ ಆಲೂ. ಲಾಂಡರ್ ಎಂದಿನಂತೆ ಏಪ್ರನ್ ಕಟ್ಟಿಕೊಂಡು ಓಡಾಡುತ್ತಿದ್ದ, ದೊಡ್ಡ ಸಂಭಾವಿತ. ಲೀಸ್ ಸಾಸಿವೆ ತರಲು ಒಳಗೆ ಹೋದಾಗ ಗಂಟಲು ಸರಿಮಾಡಿಕೊಂಡ.

"ಕೋಪೆನ್ಸ್ ನಿಂಗೂ ಕೊಟ್ಟಿದ್ದಾರಂತೆ."

"ಹೂಂ."

"ನಾವಿಬ್ಬರೇ ಎದುರುಬದುರು ಆಗೋದು ನಂಗೇನೂ ಇಷ್ಟ ಇಲ್ಲ ಗ್ರೀಟ್."

"ಅಯ್ಯೋ ಬಿಡೋ, ಕೆಲಸ ಅಲ್ವಾ" ಎಂದೆ. ನನ್ನ ನಗು ನನಗೇ ಇಷ್ಟವಾಯಿತು. "ಆದ್ರೆ ಈ ಸಲ ಅವರಿಗೆ ಏನು ಬೇಕು ಅಂತ ಗೊತ್ತಾಯ್ತಾ? ನಂಗೆ ಹೇಳಿದ್ದಾರೆ. ರಕ್ತಗೆಂಪು. ಹಳೇ ಬೈಬಲ್ಲಿನ ಥರ ಮೊನಚು ಅಕ್ಷರ, ತೆರೆ ತುಂಬ. 'ಹಿಂದಿನ ಬೆಂಚಿನವರಿಗೂ ಹೆದರಿಕೆ ಆಗ್ಬೇಕು' ಅಂದ್ರು."

"ಈ ಸಿನಿಮಾಗೆ? ಕೆಂಪಾ?"

"ನಂಗೂ ಸರಿ ಅನ್ನಿಸ್ಲಿಲ್ಲ. ಆದ್ರೆ ದುಡ್ಡು ಹಾಕೋರು ಅವರು. ನಾನಂತೂ ಕೆಂಪೇ ಮಾಡ್ತಿದ್ದೀನಿ."

ಅವನು, "ಹೇಳಿದ್ದು ಒಳ್ಳೇದಾಯ್ತು. ನೀನು ಹೇಳ್ಬೇಕು ಅಂತೇನೂ ಇರಲಿಲ್ಲ" ಎಂದ. ಅವನ ಕಿವಿ ಕೆಂಪಾಗಿತ್ತು. ಹೊಟ್ಟೆತುಂಬ ತಿಂದೆ. ಎರಡನೇ ಸಲ ಹಾಕಿಸಿಕೊಂಡೆ.

ಅಕ್ಟೋಬರ್ 14

ಇಡೀ ದಿನ ಅಕ್ಷರ. ಮೊದಲು ಸಪೂರ ಅಕ್ಷರ ಬರೆದೆ, ಕೂದಲೆಳೆಯಂಥದ್ದು. ಸುಂದರವಾಗಿತ್ತು, ಸುಗಂಧದ ಬಾಟಲಿಯ ಮೇಲೆ ಅಂಟಿಸಬಹುದಿತ್ತು. ಹರಿದೆ. ಕುಂಚದಲ್ಲಿ ಒರಟಾಗಿ ಬರೆದೆ. ಎಲ್ಲ ದೆವ್ವದ ಸಿನಿಮಾದವರೂ ಹಾಗೇ ಬರೆಸುತ್ತಾರೆ. ಹರಿದೆ. ಕೊನೆಗೆ ಹಳ್ಳಿಯ ಅಂಚೆಕಚೇರಿಯ ಬೋರ್ಡಿನಂಥ ದಪ್ಪ, ಪ್ರಾಮಾಣಿಕ ಅಕ್ಷರ ತೆಗೆದುಕೊಂಡು ಅದರ ಪಾದಗಳನ್ನು ಮಾತ್ರ ತುಸು ಉಬ್ಬಿಸಿದೆ, ನೀರಿನಲ್ಲಿ ನಿಂತ ಮರ ಬುಡದಲ್ಲಿ ಊದಿಕೊಳ್ಳುವ ಹಾಗೆ. ತೆರೆಯ ತೀರ ಕೆಳಗೆ ಇಟ್ಟೆ.

ಮೈ ಜುಮ್ಮೆಂದಿತು. ಇಷ್ಟು ಚೆನ್ನಾಗಿ ಕೈ ಓಡಿ ಎಷ್ಟು ಕಾಲವಾಗಿತ್ತು! ಸಿಟ್ಟು ನನಗೆ ಒಗ್ಗುತ್ತದೆ.

ಅಕ್ಟೋಬರ್ 19

ಬಣ್ಣ ಹುಡುಕಿಕೊಂಡು ಬಸ್ಸಿನಲ್ಲಿ ಏರಿಯ ತನಕ ಹೋಗಿದ್ದೆ. ನೀರು ಇಳಿದ ಹೊತ್ತು. ಜೇಡಿ ಬಾಯ್ತೆರೆದು ಬಿದ್ದಿತ್ತು. ಬಲಗಣ್ಣು ಮುಚ್ಚಿ ನೋಡಿದೆ: ಸೀಸದಂಥ ನೀಲಿಬೂದು, ಹೆಣದ ತುಟಿಯ ಹಾಗೆ. ಎಡಗಣ್ಣು ಮುಚ್ಚಿ ನೋಡಿದೆ: ಬೆಚ್ಚಗಿನ ಕಂದು, ಹಾಲು ಹಾಕಿದ ಕಾಫಿ. ಒಂದೇ ಜೇಡಿ. ಒಂದೇ ನಾನು. ಪೊರೆ ತೆಗೆದ ಕಣ್ಣಿಗೂ ಉಳಿದ ಕಣ್ಣಿಗೂ ಇಷ್ಟು ವ್ಯತ್ಯಾಸವಿದೆಯೆಂದು ನನಗೆ ಗೊತ್ತಿರಲಿಲ್ಲ. ಗಾಳಿಗೆ ಟೊಪ್ಪಿ ಹಾರಿಹೋಯಿತು, ಓಡಿ ಹಿಡಿಯುವ ಮನಸ್ಸೂ ಬರಲಿಲ್ಲ.

ಮನೆಗೆ ಬಂದವಳೇ ನಮ್ಮ ಹಳೆಯ ಟ್ರೇಲರುಗಳನ್ನು ಎಡಗಣ್ಣಿನಲ್ಲಿ ಮಾತ್ರ ನೋಡಿದೆ. ಎಲ್ಲ ಸರಿಯಾಗಿದೆ! ರಕ್ತ ರಕ್ತದಂತಿದೆ, ಹಿಮ ಹಿಮದಂತಿದೆ. ಪೊರೆಯಿದ್ದ ಕಾಲದಲ್ಲೂ ನಾನು ಒಂದು ಬಣ್ಣ ತಪ್ಪಿಲ್ಲ. ಸುಳ್ಳ. ಸುಳ್ಳ. ಸುಳ್ಳ.

ಆದರೂ ಟೈಟಲ್ಲನ್ನು ಫೆರೆಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಅಕ್ಟೋಬರ್ 22

ಫೆರೆ ನಮ್ಮ ಕೆಲಸಗಳಿಗೆಲ್ಲ ಕೊನೆಯ ಬಣ್ಣ ತಿದ್ದುವವನು. ನನಗಿಂತ ಹತ್ತು ವರ್ಷ ದೊಡ್ಡವನು, ಸದಾ ಕತ್ತಲೆ ಕೋಣೆಯಲ್ಲಿ ಕೂತು ಬೇಳೆಯ ಮೊಳಕೆಯಂತೆ ಬಿಳಿಚಿದ್ದಾನೆ. ನನ್ನ 'ಕ್ವೆಲ್' ನೋಡಿ, "ಅಕ್ಷರ ಭಯಂಕರವಾಗಿದೆ ಕಣಮ್ಮಾ. ಬಣ್ಣ ಸ್ವಲ್ಪ ನೀಲಿಗೆ ಎಳೀತಿದೆ, ಚೂರು ಇಳಿಸ್ತೀನಿ" ಎಂದ.

"ಇದನ್ನ ಹೊಸ ಕಣ್ಣಲ್ಲಿ ಆರಿಸಿದ್ದು."

"ಅದಕ್ಕೇ ಮತ್ತೆ. ಇಷ್ಟೇ ಇಷ್ಟು. ಮುಂಚಿನ ಹಾಗೇನೂ ಇಲ್ಲ."

"ಮುಂಚಿನ ಹಾಗೆ ಅಂದ್ರೆ?"

ಅವನ ಕೈ ಗುಂಡಿಯ ಮೇಲೆ ನಿಂತುಬಿಟ್ಟಿತು. "ಲಾಂಡರ್ ಹೇಳಿಲ್ವಾ ನಿಂಗೆ?"

ಮೂರು ವರ್ಷದಿಂದ ಹಾಗೆ ನಡೆದಿತ್ತಂತೆ. ನಾನು ಬಣ್ಣ ಮುಗಿಸಿ ಮನೆಗೆ ಹೋದ ಮೇಲೆ ಲಾಂಡರ್ ಎಲ್ಲವನ್ನೂ ಹೊತ್ತುಕೊಂಡು ಫೆರೆಯ ಹತ್ತಿರ ಬರುತ್ತಿದ್ದ. ಇಬ್ಬರೂ ಕೂತು ತಿದ್ದುತ್ತಿದ್ದರು.

"ನಿನ್ನ ರಕ್ತ ಎಲ್ಲಾ ಗುಲಾಬಿಗೆ ತಿರುಗಿಬಿಟ್ಟಿತ್ತಮ್ಮಾ. ಸ್ಟ್ರಾಬೆರಿ ಜಾಮ್ ಥರ. 'ಅವಳಿಗೆ ಹೇಳೋ ಮಾರಾಯ' ಅಂತ ನಾನೇ ಅವನಿಗೆ ಎಷ್ಟು ಸಲ ಅಂದೆ. 'ಮುಂದಿನ ವಾರ ಹೇಳ್ತೀನಿ' ಅನ್ನೋನು. ಹೇಳೋಕೆ ಬಾಯೇ ಬರ್ತಿರಲಿಲ್ಲ ಅವನಿಗೆ. ಬಣ್ಣ ಅಂದ್ರೆ ನೀನು ಸಾಯ್ತೀಯ ಅಂತ ಗೊತ್ತಲ್ಲ."

ಕೋಟು ಹಾಕಿಕೊಂಡು ಹೊರಟೆ. ಟ್ರಾಮ್ ಹತ್ತದೆ ನಡೆದೇ ಬಂದೆ.

ಅಕ್ಟೋಬರ್ 23

ಏನೂ ಬರೆಯಲು ಇಲ್ಲ.

ಅಕ್ಟೋಬರ್ 25

ಇದೆ. ಬರೆಯಲು ಇದೆ.

ಮುಖಕ್ಕೆ ಹೇಳಿದ್ದರೆ ನಾನು ಅಂದೇ ವೈದ್ಯರ ಬಳಿ ಹೋಗುತ್ತಿದ್ದೆ. ಮೂರು ವರ್ಷ ನನ್ನನ್ನು ಮಗುವಿನ ಹಾಗೆ ಆಡಲು ಬಿಟ್ಟು, ಮಲಗಿದ ಮೇಲೆ ಆಟಿಕೆ ಎತ್ತಿಟ್ಟಿದ್ದಾನೆ. ನಾನು ಬಹುಮಾನ ತೆಗೆದುಕೊಂಡು ವೇದಿಕೆಯ ಮೇಲೆ ಬಣ್ಣದ ಬಗ್ಗೆ ಭಾಷಣ ಮಾಡಿದಾಗ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದಾನೆ. ಆಮೇಲೆ ಕೋಪೆನ್ಸ್‌ಗೆ ಹೇಳಿದ್ದಾನೆ. ನನಗೊಬ್ಬಳಿಗೆ ಬಿಟ್ಟು ಎಲ್ಲರಿಗೂ ಹೇಳಿದ್ದಾನೆ!

ಅವನು ಸುಳ್ಳನಲ್ಲ ಎಂದಾದ ಮೇಲೆ ಸಿಟ್ಟು ಇಳಿಯಬೇಕಿತ್ತು. ಇನ್ನಷ್ಟು ಏರಿದೆ.

ಕೆಂಪು ಹಚ್ಚಲಿ.

ನವೆಂಬರ್ 1, ಸೋಮವಾರ

ಎಲ್ಲ ಸಂತರ ಹಬ್ಬ. ಅಪ್ಪನ ಸಮಾಧಿಗೆ ಸೇವಂತಿಗೆ ಕುಂಡ ತೆಗೆದುಕೊಂಡು ಹೋದೆವು. ಲಾಂಡರ್ ಬಂದಿರಲಿಲ್ಲ. ಲೀಸ್ ಕಲ್ಲಿನ ಮೇಲಿನ ಪಾಚಿ ಉಜ್ಜುತ್ತಾ ಕೂತಿದ್ದಳು.

"ಲಾಂಡರ್ ಎಲ್ಲಿ?"

"ಮನೇಲಿ. ಕೆಂಪಲ್ಲೇ ಮುಳುಗಿಹೋಗಿದ್ದಾನೆ. ಎಷ್ಟು ಮಾಡಿದ್ರೂ ಸಿನಿಮಾಗೆ ಹೊಂದ್ತಿಲ್ವಂತೆ. ಆದ್ರೂ 'ಗ್ರೀಟ್ ಹೇಳಿದ್ದಾಳೆ' ಅಂತ ಬಿಡ್ತಿಲ್ಲ." ಬ್ರಷ್ ಕೆಳಗಿಟ್ಟು ನನ್ನ ತೋಳು ಹಿಡಿದಳು. "ಥ್ಯಾಂಕ್ಸ್ ಅಕ್ಕಾ. ಬೇರೆಯಾದ ಮೇಲೆ ನಿನ್ನ ಮುಖ ನೋಡೋಕೇ ಹೆದರ್ತಿದ್ದ. ಅವತ್ತು ನೀನು ಊಟ ಮಾಡಿ ಹೋದ್ಮೇಲೆ ಪಾತ್ರೆ ತೊಳೀತಾ ಸಿಳ್ಳೆ ಹಾಕ್ತಿದ್ದ ಗೊತ್ತಾ?"

ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂತು. ಅವನ ನಾಲಿಗೆಯ ತುದಿಯಲ್ಲೂ ಮೂರು ವರ್ಷ ಇತ್ತಲ್ಲ, ಇರಲಿ.

"ಕೆಂಪು ಚೆನ್ನಾಗಿ ಬರ್ಲಿ ಅಂತ ಹೇಳು" ಎಂದೆ.

ಸೇವಂತಿಗೆ ಹಳದಿಯಾ ಬಿಳಿಯಾ ಎಂದು ಲೀಸ್‌ಳನ್ನು ಕೇಳಿ ಖಚಿತಪಡಿಸಿಕೊಂಡೆ. ಯಾಕೆ ಕೇಳಿದೆನೋ.

ನವೆಂಬರ್ 9, ಮಂಗಳವಾರ

ಮುಗಿಯಿತು. ಗೆದ್ದೆ.

ಕೋಪೆನ್ಸ್ ಇಬ್ಬರನ್ನೂ ಒಂದೇ ಹೊತ್ತಿಗೆ ಬ್ರಸೆಲ್ಸ್‌ಗೆ ಕರೆಸಿದ್ದರು. ಅವರ ಕಚೇರಿಯ ಚಿಕ್ಕ ಚಿತ್ರಮಂದಿರದಲ್ಲಿ ನಾವು ಮೂವರೇ. ಮೊದಲು ನನ್ನದು. ಬೂದು ತೆರೆ, ಅಡುಗೆಮನೆಯ ನೆಲ, ಕೆಳಗೆ ಆ ನಾಲ್ಕು ಅಕ್ಷರ. ಕೋಪೆನ್ಸ್ ಕಾಲು ಮೇಲಕ್ಕೆಳೆದುಕೊಂಡರು. ನೀರಿಗೆ ಹೆದರಿದವರ ಹಾಗೆ! ನಾನು ಕಣ್ಣಾರೆ ಕಂಡೆ.

ಆಮೇಲೆ ಅವನದು. ಕತ್ತಲು, ಗಂಟೆಯ ಸದ್ದು, ತೆರೆಯ ಈ ಅಂಚಿನಿಂದ ಆ ಅಂಚಿಗೆ ಕೆಂಪು. ಈಟಿಗಳಂಥ ಅಕ್ಷರ. ಕೆಲಸದಲ್ಲಿ ಕುಂದಿಲ್ಲ, ಅದೇ ಇನ್ನೂ ಮಜ. ನಗು ತಡೆಯಲಾಗದೆ ಕೋಪೆನ್ಸ್ ಅವರ ಭುಜ ಕುಲುಕತೊಡಗಿತು.

"ಏನಪ್ಪಾ ಲಾಂಡರ್, ಇದೇನು ರಕ್ತದಾನ ಶಿಬಿರಾನಾ? ಈ ಸಿನಿಮಾದಲ್ಲಿ ಒಂದು ಹನಿ ರಕ್ತ ಇಲ್ಲ. ಕೆಂಪು ಬೇಕು ಅಂತ ನಿಂಗೆ ಯಾರು ಹೇಳಿದ್ದು?"

ಅವನು ತಿರುಗಿ ನನ್ನನ್ನು ನೋಡಿದ. ಅರ್ಥವಾಗುತ್ತಿರುವುದು ಕಾಣುತ್ತಿತ್ತು. ಇದಕ್ಕಾಗಿಯೇ ನಾನು ಒಂದು ತಿಂಗಳು ಕಾದದ್ದು. ಕಣ್ಣು ತಪ್ಪಿಸಲಿಲ್ಲ.

"ಯಾರೂ ಹೇಳಿಲ್ಲ ಮದಾಮ್. ನಾನೇ ಹಾಗೆ ಅಂದ್ಕೊಂಡೆ" ಎಂದ.

ಕಾರಿಡಾರಿನಲ್ಲಿ ಲಾಂಡರ್ ಕೋಟು ಹಾಕಿಕೊಳ್ಳುತ್ತಿದ್ದ. ನಾನೇ ಹತ್ತಿರ ಹೋದೆ. "ನಾನೇ ಹೇಳಿದ್ದು ಅಂತ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿಂಗೆ ಹೇಳ್ಬೇಕಾಗಿದ್ದನ್ನ ಮೂರು ವರ್ಷ ಹೇಳ್ಲಿಲ್ಲ. ಆಮೇಲೆ 'ಗ್ರೀಟ್‌ನ ಯಾಕೆ ಬಿಟ್ಟೆ' ಅಂತ ಮದಾಮ್ ಕೇಳಿದಾಗ ಬಾಯಿಂದ ಜಾರಿಹೋಯ್ತು. ಒಂದ್ಸಲ ಜಾರಿದ್ದು, ಊರೆಲ್ಲಾ ಹಬ್ಬಿಬಿಡ್ತು. ಇವತ್ತಾದ್ರೂ ಬಾಯಿ ಮುಚ್ಕೊಂಡಿರೋಣ ಅನ್ನಿಸ್ತು." ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. "ನಿಂದು ಚೆನ್ನಾಗಿತ್ತು ಗ್ರೀಟ್. ತುಂಬ ಚೆನ್ನಾಗಿತ್ತು."

ನಾನು ಹತ್ತಬೇಕಿದ್ದ ರೈಲಿಗೇ ಅವನೂ ಹೋಗುತ್ತಾನೆಂದು ಅದನ್ನು ಬಿಟ್ಟು ಮುಂದಿನ ರೈಲಿಗೆ ಬಂದೆ.

ಗೆದ್ದೆ ಎಂದು ಮೇಲೆ ಬರೆದಿದ್ದೇನೆ. ಹೌದು.

ನವೆಂಬರ್ 10

ಇದು ಅವನ ಸೇಡು. ಈಗ ತಿಳಿಯಿತು. ಕೋಪೆನ್ಸ್ ಎದುರು ಬಾಯಿ ಬಿಟ್ಟಿದ್ದರೆ ಜಗಳವಾಗುತ್ತಿತ್ತು, ನಾನು ಹನ್ನೊಂದು ವರ್ಷದ್ದನ್ನೆಲ್ಲ ಅಲ್ಲೇ ಎತ್ತಿ ಆಡುತ್ತಿದ್ದೆ, ಹಗುರವಾಗುತ್ತಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ. ಮತ್ತೆ ಹಿಂದಿನಿಂದ ಬಂದು ನನ್ನದನ್ನು ತಿದ್ದಿಟ್ಟು ಹೋಗಿದ್ದಾನೆ. ನಾಲ್ಕನೆಯ ವರ್ಷ.

ಎಂಥ ಕುತಂತ್ರಿ.

ನವೆಂಬರ್ 11

ಲೀಸ್ ಫೋನ್ ತೆಗೆಯುತ್ತಿಲ್ಲ. ಅವನು ಹೇಳಿರಲಾರ. ಅವಳೇ ಊಹಿಸಿರಬೇಕು. ಚಿಕ್ಕಂದಿನಿಂದಲೂ ನನ್ನ ಸುಳ್ಳು ಹಿಡಿಯುವುದರಲ್ಲಿ ಅವಳದೇ ಮೇಲುಗೈ.

ನವೆಂಬರ್ 12, ಶುಕ್ರವಾರ

ಅವನ ಉಪಕಾರ ನನಗೆ ಬೇಡ. ಋಣವಿಟ್ಟುಕೊಂಡು ಬದುಕುವವಳಲ್ಲ ನಾನು. ಅವನ ಮುಖಕ್ಕೆ ಅದನ್ನು ವಾಪಸು ಎಸೆಯುವುದಕ್ಕೆ ಇದ್ದದ್ದು ಒಂದೇ ದಾರಿ. ಕೋಪೆನ್ಸ್‌ಗೆ ಫೋನ್ ಮಾಡಿದೆ.

"ಮದಾಮ್, ಕೆಂಪು ಬೇಕು ಅಂತ ಲಾಂಡರ್‌ಗೆ ಹೇಳಿದ್ದು ನಾನು. ನೀವು ಹೇಳಿದ್ರಿ ಅಂತ ಸುಳ್ಳು ಹೇಳಿದೆ. ಅವನು ನಂಬಿದ."

ಆ ಕಡೆ ಲೈಟರ್ ಸದ್ದು ಕೇಳಿಸಿತು. ಸಿಗರೇಟು ಬಿಟ್ಟಿದ್ದೇನೆ ಎನ್ನುತ್ತಿರುತ್ತಾರೆ.

"ಎಷ್ಟೋ ವರ್ಷದಿಂದ ದೆವ್ವದ ಸಿನಿಮಾ ಮಾರ್ತಿದ್ದೀನಿ ಗ್ರೀಟ್. ಈ ವರ್ಷ ನಂಗೆ ನಿಜವಾಗ್ಲೂ ಹೆದರಿಕೆ ಆಗಿದ್ದು ಈಗ. ಒಂದೇ ಮನೆಯವರಲ್ವಾ ನೀವು?"

"ಹೌದು."

"ಮತ್ತೆ ಈಗ ಯಾಕೆ ಹೇಳ್ತಿದ್ದೀರಿ? ಕೆಲಸ ನಿಮ್ಮ ಕೈಲೇ ಇದೆಯಲ್ಲ."

"ಹಿಂಗೆ ಸಿಕ್ಕಿದ್ದು ಬೇಡ" ಎಂದೆ. ಅದು ನನ್ನ ಮಾತಿನ ಹಾಗೆ ಇರಲಿಲ್ಲ. ಕೂಡಲೇ, "ಅವನ ಹಂಗು ಬೇಡ ನಂಗೆ" ಎಂದು ಸೇರಿಸಿದೆ.

"ಅವನಿಗೆ ಎರಡು ವಾರ ಕೊಡ್ತೀನಿ. ಮತ್ತೆ ಮಾಡ್ಲಿ. ನಿಂದು ಹಾಗೇ ಇರ್ಲಿ" ಎಂದರು. ಫೋನ್ ಇಡುವಾಗ ನೀವು ಹೋಗಿ ನೀನು ಆಗಿತ್ತು. ಬೈದರೋ ಹತ್ತಿರ ಮಾಡಿಕೊಂಡರೋ ತಿಳಿಯಲಿಲ್ಲ.

ಈಗ ಸಮಸಮ. ಸೇಡು ಅಂದರೆ ಹೀಗಿರಬೇಕು. ಮಧ್ಯಾಹ್ನ ಒಂದು ಬಟ್ಟಲು ಮಸ್ಸೆಲ್ ಚಿಪ್ಪುಮೀನು ಬೇಯಿಸಿಕೊಂಡು ಪೂರ್ತಿ ತಿಂದೆ.

ನವೆಂಬರ್ 26

ಅವನದನ್ನು ಆರಿಸಿದ್ದಾರೆ.

"ಇದು ಶಿಕ್ಷೆ ಅಲ್ಲ ಗ್ರೀಟ್. ಅವನದು ಚೆನ್ನಾಗಿದೆ, ಅಷ್ಟೇ" ಎಂದರು ಕೋಪೆನ್ಸ್. ಮಾರ್ಚಿಗೆ ಇನ್ನೊಂದು ಚಿತ್ರ ಬರುತ್ತಿದೆಯಂತೆ, ಅದಕ್ಕೆ ನನ್ನನ್ನು ಮಾತ್ರ ಕೇಳುತ್ತಾರಂತೆ. ಸಮಾಧಾನಕ್ಕೆ ಹೇಳಿದ್ದು.

ಕಿಟಕಿ ಒರೆಸಿದೆ. ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದೆ. ಅವನ ಬದಿಯ ಮೇಜನ್ನು ಮಾತ್ರ ಒರೆಸಲಿಲ್ಲ.

ಡಿಸೆಂಬರ್ 6

ಮಕ್ಕಳಿಗೆ ಸಿಹಿತಿಂಡಿ ಹಂಚುವ ಸಿಂಟರ್‌ಕ್ಲಾಸ್ ಹಬ್ಬ. ಬಾಗಿಲ ಹೊರಗೆ ಒಂದು ಪೊಟ್ಟಣ. ಶುಂಠಿಬಿಸ್ಕತ್ತು, ಮಾರ್ಜಿಪಾನ್ ಎಂಬ ಬಾದಾಮಿ ಮಿಠಾಯಿಯ ಹಂದಿ, ಲೀಸ್ ಕೈಬರಹದಲ್ಲಿ ಒಂದೇ ಸಾಲು: "ಅಕ್ಕಾ, ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಭಾನುವಾರ ಊಟಕ್ಕೆ ಬಾ."

ಹೋಗುವುದಿಲ್ಲ.

ಡಿಸೆಂಬರ್ 12, ಭಾನುವಾರ

ಹೋಗಿದ್ದೆ. ಲಾಂಡರ್ ಉಪ್ಪು ದಾಟಿಸಿದ. ನಾನು ಕೇಳಿರಲಿಲ್ಲ.

ಜನವರಿ 8, ಶನಿವಾರ

ಮಧ್ಯಾಹ್ನದ ಆಟಕ್ಕೆ ಹೋದೆ. ಯಾವ ಸಿನಿಮಾ ಎಂದೂ ನೋಡಲಿಲ್ಲ, ನನಗೆ ಬೇಕಾಗಿದ್ದದ್ದು ಅದರ ಮುಂಚೆ ತೋರಿಸುವ 'ಕ್ವೆಲ್' ಟ್ರೇಲರ್. ಅವನ ಕೆಲಸದಲ್ಲಿ ತಪ್ಪು ಹುಡುಕಲೆಂದೇ ನಡುವಿನ ಸಾಲಿನ ನಡುವಿನ ಕುರ್ಚಿಗೆ ಟಿಕೆಟ್ ಕೊಂಡಿದ್ದೆ.

ಬೂದು ಇಲ್ಲ, ಕೆಂಪೂ ಇಲ್ಲ. ಹಳದಿ. ಹಳೇ ಅಡುಗೆಮನೆಯ ಬಲ್ಬಿನ ಹಳದಿ, ಮನೆಯಲ್ಲಿ ಯಾರೋ ಎಚ್ಚರವಾಗಿದ್ದಾರೆ ಎಂದು ದಾರಿಯಿಂದ ನೋಡಿದವರಿಗೆ ನೆಮ್ಮದಿ ಕೊಡುವಂಥದ್ದು. ಆ ಬೆಳಕಿನಲ್ಲಿ ನಾಲ್ಕು ಸಾದಾ ಅಕ್ಷರ. ಅವು ಅಲುಗುವುದೇ ಇಲ್ಲ. ನಿಧಾನವಾಗಿ ಬುಡ ಮಾತ್ರ ಒದ್ದೆಯಾಗುತ್ತದೆ. ನನ್ನ ಮುಂದೆ ಕೂತಿದ್ದ ಹುಡುಗಿ ಪಾಪ್‌ಕಾರ್ನ್ ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತಳು. ಎಡಗಣ್ಣಿನಲ್ಲಿ ನೋಡಿದೆ, ಬಲಗಣ್ಣಿನಲ್ಲಿ ನೋಡಿದೆ. ಬಣ್ಣದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಅಕ್ಷರದಲ್ಲಿ ಸಿಕ್ಕಿತು.

ಅಲ್ಲೇ ಕತ್ತಲೆಯಲ್ಲಿ ಅವನಿಗೆ ಬರೆದು ಕಳಿಸಿದೆ: "ಎರಡನೇ ಅಕ್ಷರಕ್ಕೂ ಮೂರನೇದಕ್ಕೂ ನಡುವೆ ಜಾಗ ಜಾಸ್ತಿ ಆಗಿದೆ. ಹಲ್ಲು ಬಿದ್ದ ಬಾಯಿ ಥರ ಕಾಣ್ತಿದೆ. ಯಾರೂ ಹೇಳ್ಲಿಲ್ವಾ ನಿಂಗೆ?"

ಉತ್ತರ ತಕ್ಷಣ ಬಂತು. "ಇಲ್ಲ. ಯಾರೂ ಹೇಳ್ಲಿಲ್ಲ." ಮತ್ತೆ ಸ್ವಲ್ಪ ಹೊತ್ತಿಗೆ, "ಪೋಸ್ಟರ್ ಸೋಮವಾರ ಅಚ್ಚಿಗೆ ಹೋಗತ್ತೆ. ಇನ್ನೇನಾದ್ರೂ ಕಾಣ್ತಾ?"

ಕಂಡಿವೆ. ಇನ್ನೂ ಮೂರು ಕಂಡಿವೆ. ನಾಳೆ ಬೆಳಿಗ್ಗೆ ಅವನ ಮನೆಗೇ ಹೋಗಿ, ಅವನ ಪರದೆಯ ಮುಂದೆ ಕೂರಿಸಿ, ಒಂದೊಂದನ್ನೂ ಬೆರಳಿಟ್ಟು ತೋರಿಸುತ್ತೇನೆ. ಅವನನ್ನು ಅಷ್ಟು ಸುಲಭವಾಗಿ ಬಿಟ್ಟೇನೆಂದುಕೊಂಡಿದ್ದರೆ ಅದು ಅವನ ಭ್ರಮೆ.